ಸೆಟ್ ಅನ್ನೋ ಒಂದೇ ಪದಕ್ಕೆ ನೂರಾರು ಅರ್ಥ: ಕೊಡಗಿನವ್ರಿಗೆ ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್‌ನಲ್ಲಿ ಮೂರೇ ಅಕ್ಷರದ ಪದ, ಆದ್ರೆ ಡಿಕ್ಷನರಿ ಮಾಡೋರಿಗೇ ಬೆವರಿಳಿಸಿದ ಪದ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಲಿ ಎಲ್ಲಕ್ಕಿಂತ ಉದ್ದ ಇದ್ದಿದ್ದು ಸೆಟ್ ಅನ್ನೋ ಕ್ರಿಯಾಪದದ ವಿವರಣೆ, ಬರೀ ಆ ಪದಕ್ಕೇ 430 ಅರ್ಥ, ಪಕ್ಕದಲ್ಲಿ ಔಟ್, ಇನ್ ಅಂತ ಪುಟಾಣಿ ಬಾಲ ಸೇರ್ಕೊಂಡು ಬರೋದನ್ನೂ ಹಿಡಿದ್ರೆ 580ರ ಹತ್ತಿರ, ಇದನ್ನೆಲ್ಲ ಹೇಳೋಕೆ ಹಿಡಿದಿದ್ದು ಸುಮಾರು 60,000 ಪದ. ಆಮೇಲೆ ಮೂರನೇ ಆವೃತ್ತಿ ಕೆಲಸ ಶುರುವಾದ್ಮೇಲೆ ಮೇಕ್ ಇದನ್ನ ಹಿಂದಕ್ಕೆ ಹಾಕ್ತು, ಆಮೇಲೆ ಪುಟ್, 2011ರಲ್ಲಿ ರನ್ 645 ಅರ್ಥ ಹೊತ್ಕೊಂಡು ಮೊದಲ ಸ್ಥಾನಕ್ಕೆ ಹೋಯ್ತು. ಹೋಗ್ಲಿ ಬಿಡಿ. ನಮಗೆ ಸೆಟ್ಟೇ ಮುಖ್ಯ, ಯಾಕಂದ್ರೆ ತೋಟ, ಹೋಂಸ್ಟೇ, ಕೋರ್ಟು, ಆಟದ ಮೈದಾನ ಎಲ್ಲಿ ಹೋದ್ರೂ ಇದು ಎದುರಿಗೆ ಬರುತ್ತೆ.

ಇದನ್ನ ಬರೀತಿರೋದು ಪಿಯುಸಿ ಹುಡುಗ್ರಿಗೆ, ಗೆಸ್ಟ್‌ಗಳ ಇಂಗ್ಲಿಷ್ ಮೆಸೇಜ್ ಓದಿ ಉತ್ತರ ಕೊಡಬೇಕಾದ ಹೋಂಸ್ಟೇಯವ್ರಿಗೆ, ಕಾಫಿ ಬಗ್ಗೆ ಇಂಗ್ಲಿಷ್‌ನಲ್ಲಿ ಬರೋ ಕರಪತ್ರ ಓದೋ ಬೆಳೆಗಾರ್ರಿಗೆ. 430 ಅರ್ಥನೂ ಬಾಯಿಪಾಠ ಮಾಡಿ ಅಂತ ನಾನು ಹೇಳಲ್ಲ, ಅದು ಹುಚ್ಚು ಕೆಲಸ, ಇಂಗ್ಲಿಷ್‌ನವ್ರೇ ಮಾಡಿರಲ್ಲ. ಪದ ಕಣ್ಣಿಗೆ ಬಿದ್ದ ತಕ್ಷಣ ಯಾವ ಪ್ರಶ್ನೆ ಕೇಳ್ಕೊಂಡ್ರೆ ಅರ್ಥ ಕೈಗೆ ಸಿಗುತ್ತೆ ಅನ್ನೋದು ಗೊತ್ತಿದ್ರೆ ಸಾಕು. ಒಂದು ನೋಟ್‌ಬುಕ್ ಇಟ್ಕೊಳ್ಳಿ, ಪೆನ್ನು ಇಟ್ಕೊಳ್ಳಿ, ಮೊಬೈಲಲ್ಲಿ ಒಂದು ಡಿಕ್ಷನರಿ ಆ್ಯಪ್ ಇರ್ಲಿ.

ಹಂತ 1: ನಮ್ಮ ಬಾಯಲ್ಲಿರೋ ಸೆಟ್ ಅನ್ನ ಮೊದಲು ಬೇರೆ ಮಾಡಿ

ನಾವು ಕನ್ನಡದಲ್ಲಿ ದಿನಾ ಸೆಟ್ ಅಂತೀವಿ. ಬೆಳಗ್ಗೆ ಹೋಟೆಲಲ್ಲಿ ಸೆಟ್ ದೋಸೆ, ತೋಟದಲ್ಲಿ ಪಂಪ್‌ಸೆಟ್, ಕರೆಂಟ್ ಆಫೀಸಿನವ್ರ ಬಾಯಲ್ಲಿ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್), ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಜೆನ್‌ಸೆಟ್, ಫೋನಲ್ಲಿ ಸೆಟ್ಟಿಂಗ್ಸ್. ಇವೆಲ್ಲ ಇಂಗ್ಲಿಷ್‌ನಿಂದ ನೇರ ಬಂದವು, ಅರ್ಥನೂ ಅದೇ, ಇವುಗಳಿಂದ ಏನೂ ತೊಂದ್ರೆ ಇಲ್ಲ. ದೋಸೆನೇ ನೋಡಿ, ಎರಡೋ ಮೂರೋ ಒಟ್ಟಿಗೆ ಕೊಡ್ತಾರೆ ಅಂತ ಸೆಟ್, ಪಂಪ್‌ಸೆಟ್ ಅಂದ್ರೆ ಮೋಟರು ಪಂಪು ಎರಡೂ ಸೇರಿ ಒಂದು ಜೋಡಿ.

ತೊಂದ್ರೆ ಕೊಡೋದು ಇನ್ನೊಂದು ಗುಂಪು. "ಅವರಿಬ್ಬರಿಗೂ ಸೆಟ್ ಆಗಲ್ಲ", "ಈ ಬಣ್ಣ ನಿಂಗೆ ಸೆಟ್ ಆಗುತ್ತೆ", "ನಂಗೆ ಆ ಊರ ನೀರು ಸೆಟ್ ಆಗ್ಲಿಲ್ಲ", "ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು, ಲೈಫ್ ಸೆಟ್". ಇವು ನಾವು ಮಾಡ್ಕೊಂಡಿರೋ ಅರ್ಥ, ಕನ್ನಡದಲ್ಲಿ ಚೆನ್ನಾಗೇ ಇದೆ, ಆದ್ರೆ ಇದನ್ನ ಹಾಗೇ ಇಂಗ್ಲಿಷ್‌ಗೆ ಎತ್ಕೊಂಡು ಹೋದ್ರೆ ಎದುರಿನವ್ರಿಗೆ ಅರ್ಥ ಆಗಲ್ಲ. ಇಬ್ಬರಿಗೆ ಹೊಂದಿಕೊಳ್ಳಲ್ಲ ಅನ್ನೋಕೆ ಅಲ್ಲಿ ಗೆಟ್ ಅಲಾಂಗ್ ಅಂತಾರೆ, ಬಣ್ಣಕ್ಕೆ ಸೂಟ್ ಅಂತಾರೆ, ನೀರಿಗೂ ಹವಾಮಾನಕ್ಕೂ ಅಗ್ರೀ ವಿತ್ ಅಂತಾರೆ, ಲೈಫ್‌ಗೆ ಸೆಟಲ್ಡ್. ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಸೆಟ್ ಆಗೋದು" ಅಂತ ನೀವು ದಿನಾ ಹೇಳೋ ವಾಕ್ಯಗಳನ್ನ ಬರ್ಕೊಳ್ಳಿ, ಪಕ್ಕದಲ್ಲಿ ಅದಕ್ಕೆ ಇಂಗ್ಲಿಷ್‌ನಲ್ಲಿ ಸೆಟ್ ಬರುತ್ತೋ ಇಲ್ವೋ ಅಂತ ಗುರುತು ಹಾಕಿ. ಮುಕ್ಕಾಲು ಪಾಲಿಗೆ ಬರಲ್ಲ.

ಹಂತ 2: ಗುಂಪೋ, ಕೆಲಸವೋ ನೋಡಿ

ಇಂಗ್ಲಿಷ್‌ನಲ್ಲಿ ಸೆಟ್ ಅಂತ ಕಾಣೋದು ಅಸಲಿಗೆ ಎರಡು ಬೇರೆ ಬೇರೆ ಮನೆತನದ ಪದ, ಸ್ಪೆಲ್ಲಿಂಗ್ ಒಂದೇ ಆಗೋಗಿದೆ. ಗುಂಪು, ಜೋಡಿ, ಸಮೂಹ ಅನ್ನೋ ಸೆಟ್ ಬಂದಿದ್ದು ಹಳೇ ಫ್ರೆಂಚ್ ಮೂಲಕ, ಅದರ ಬೇರು ಲ್ಯಾಟಿನ್‌ನ ಸೆಕ್ಟಾ, ಅಂದ್ರೆ ಒಬ್ಬರ ಹಿಂದೆ ಹೋಗೋ ಜನ, ಪಂಥ. ಧರ್ಮದ ಪಂಗಡಕ್ಕೆ ಇಂಗ್ಲಿಷ್‌ನಲ್ಲಿ ಸೆಕ್ಟ್ ಅಂತಾರಲ್ಲ, ಅದಕ್ಕೂ ಇದಕ್ಕೂ ಮೂಲ ಒಂದೇ. ಇನ್ನೊಂದು ಸೆಟ್, ಇಡೋದು ಕೂರಿಸೋದು ಅನ್ನೋ ಅರ್ಥದ್ದು, ಹಳೇ ಇಂಗ್ಲಿಷ್‌ನ ಸೆಟ್ಟನ್, ಅದು ಅಪ್ಪಟ ಜರ್ಮಾನಿಕ್ ಕಡೆಯದು. ನೂರಾರು ವರ್ಷ ಒಟ್ಟಿಗೆ ಓಡಾಡಿ ಒಂದರ ವಾಸನೆ ಇನ್ನೊಂದಕ್ಕೆ ಹತ್ತಿದೆ ಅನ್ನೋದೂ ನಿಜ, ಅದಕ್ಕೇ ಕೆಲವು ಕಡೆ ಇದು ಯಾವ ಮನೆತನದ್ದು ಅಂತ ಪಂಡಿತ್ರಿಗೂ ಹೇಳೋಕೆ ಕಷ್ಟ.

ಪರೀಕ್ಷೆ ಸುಲಭ. ಪದದ ಹಿಂದೆ ಎ ಅಥವಾ ದ ಇದ್ದು ಮುಂದೆ ಆಫ್ (of) ಇದ್ರೆ ಗುಂಪು: ಎ ಸೆಟ್ ಆಫ್ ಕೀಸ್, ಎ ಸೆಟ್ ಆಫ್ ರೂಲ್ಸ್. ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು ಗಣಗಳು ಅಂತ ಪಾಠ ಮಾಡ್ತಾರಲ್ಲ, ಅದೂ ಈ ಸೆಟ್ಟೇ, ಜರ್ಮನಿಯ ಗೇಯಾರ್ಗ್ ಕ್ಯಾಂಟರ್ 1874ರಲ್ಲಿ ಬರೆದ ಲೇಖನದಿಂದ ಆ ಶಾಸ್ತ್ರ ಶುರುವಾಯ್ತು ಅಂತ ಲೆಕ್ಕ. ಕನ್ನಡದಲ್ಲಿ ಅದಕ್ಕೆ ಗಣ ಅಂತ ಹೆಸರಿಟ್ಟವ್ರಿಗೆ ಒಂದು ನಮಸ್ಕಾರ ಹೇಳಬೇಕು, ಅಷ್ಟು ಚೆನ್ನಾಗಿ ಕೂತಿದೆ.

ಸಿನಿಮಾ ಸೆಟ್, ನಾಟಕದ ಸೆಟ್ ಮಾತ್ರ ಗುಂಪಲ್ಲ, ಅದು ಕಟ್ಟಿ ನಿಲ್ಲಿಸಿದ್ದು, ಎರಡನೇ ಮನೆತನ. ನಮ್ಮ ಮಡಿಕೇರಿ ದಸರಾದ ಹತ್ತು ಮಂಟಪಗಳನ್ನ ಇಂಗ್ಲಿಷ್‌ನವ್ರಿಗೆ ವಿವರಿಸಬೇಕಾದ್ರೆ ಅಲ್ಲಿ ಈ ಪದ ಉಪಯೋಗಕ್ಕೆ ಬರುತ್ತೆ, ಟ್ರ್ಯಾಕ್ಟರ್ ಮೇಲೆ ಕಟ್ಟಿರೋ ಸೆಟ್, ಅದರಲ್ಲಿ ಕೈಕಾಲು ಆಡಿಸೋ ದೇವರು ರಾಕ್ಷಸರು ಅಂದ್ರೆ ಅವ್ರಿಗೆ ಕಣ್ಮುಂದೆ ಬರುತ್ತೆ.

ಹಂತ 3: ಕೂರಿಸು ಹಾಕಿ ನೋಡಿ, ಆಗದಿದ್ರೆ ಇಡು

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳಿ ಅಂದ್ರೆ ನಾನು ಇದನ್ನೇ ಹೇಳ್ತೀನಿ. ಇಂಗ್ಲಿಷ್‌ನಲ್ಲಿ ಸಿಟ್ ಅಂದ್ರೆ ಕೂರೋದು, ಸೆಟ್ ಅಂದ್ರೆ ಮೂಲದಲ್ಲಿ ಕೂರಿಸೋದು. ನಮ್ಮಲ್ಲಿ ಕೂರು, ಕೂರಿಸು ಹೆಂಗೋ ಅಲ್ಲಿ ಸಿಟ್, ಸೆಟ್ ಹಂಗೆ. ನಾವು ಇಸು ಸೇರಿಸಿ ಬೇರೆಯವ್ರ ಕೈಲಿ ಮಾಡಿಸ್ತೀವಿ, ಅವ್ರು ಒಳಗಿನ ಸ್ವರ ಬದಲಾಯಿಸ್ತಾರೆ. ಇದನ್ನ ತಿಳ್ಕೊಂಡು ಡಿಕ್ಷನರಿ ತೆಗೆದ್ರೆ ಅರ್ಧಕ್ಕರ್ಧ ಅರ್ಥ ತಾನಾಗೇ ಬಿಚ್ಕೊಳ್ಳುತ್ತೆ.

ಮುರಿದ ಮೂಳೆನ ಡಾಕ್ಟ್ರು ಸೆಟ್ ಮಾಡಿದ್ರು ಅಂತ ಇಂಗ್ಲಿಷ್‌ನಲ್ಲಿ ಬರುತ್ತೆ, ನಮ್ಮಲ್ಲೂ ಮೂಳೆ ಕೂರಿಸಿದ್ರು ಅಂತಾನೇ ಅನ್ನೋದು. ಒಡವೇಲಿ ಕಲ್ಲು ಸೆಟ್ ಮಾಡೋದು ಅಂದ್ರೆ ಕಲ್ಲು ಕೂರಿಸೋದು, ಕೊಡವ ಮದುವೇಲಿ ಮದುಮಗಳ ಕತ್ತಲ್ಲಿ ಕೊಕ್ಕೆತಾತಿ ನೋಡಿರ್ತೀರಿ, ಅರ್ಧಚಂದ್ರದ ಚಿನ್ನದ ಪದಕದಲ್ಲಿ ಕೆಂಪು ಕಲ್ಲು ಕೂರಿಸಿರ್ತಾರಲ್ಲ, ಗೆಸ್ಟ್ ಕೇಳಿದ್ರೆ ರೂಬೀಸ್ ಸೆಟ್ ಇನ್ ಗೋಲ್ಡ್ ಅನ್ನಿ, ಮುಗೀತು. ಕೋಳಿನ ಮೊಟ್ಟೆ ಮೇಲೆ ಕಾವಿಗೆ ಕೂರಿಸೋದಕ್ಕೂ ಸೆಟ್ ಎ ಹೆನ್ ಅಂತಾರೆ.

ಕೂರಿಸು ಹೊಂದದೇ ಇದ್ದ ಕಡೆ ಇಡು ಹಾಕಿ ನೋಡಿ. ಇಲಿಗೆ ಬೋನು ಇಡೋದು, ಬೆಳಗ್ಗೆ ಐದಕ್ಕೆ ಅಲಾರಂ ಇಡೋದು, ಕಸಕ್ಕೆ ಬೆಂಕಿ ಇಡೋದು, ಊರಿಗೆ ಕಾಲಿಡೋದು, ಓದೋದ್ರಲ್ಲಿ ಮನಸ್ಸಿಡೋದು. ಈ ಐದೂ ಇಂಗ್ಲಿಷ್‌ನಲ್ಲಿ ಸೆಟ್ಟೇ! ಸೆಟ್ ಎ ಟ್ರ್ಯಾಪ್, ಸೆಟ್ ದ ಅಲಾರಂ, ಸೆಟ್ ಫೈರ್, ಸೆಟ್ ಫೂಟ್, ಸೆಟ್ ಯುವರ್ ಮೈಂಡ್. ಯಾರೂ ಯಾರಿಂದಲೂ ಕಾಪಿ ಹೊಡೆದಿದ್ದಲ್ಲ, ಎರಡೂ ಭಾಷೇಲಿ ಜನ ವಸ್ತುನ ಇಟ್ಟ ಹಾಗೇ ಮನಸ್ಸನ್ನೂ ಇಡ್ತಾರೆ ಅಷ್ಟೇ.

ಇಡು ಕೂಡ ಆಗ್ಲಿಲ್ಲ ಅಂದ್ರೆ ಹಾಕು. ಷರತ್ತು ಹಾಕೋದು, ಹಾಡಿಗೆ ರಾಗ ಹಾಕೋದು, ಮೇಲ್ಪಂಕ್ತಿ ಹಾಕೋದು. ಸೆಟ್ ಆ್ಯನ್ ಎಕ್ಸಾಂಪಲ್ ಅನ್ನೋದಕ್ಕೆ ಹುಡುಗ್ರು ಉದಾಹರಣೆ ಸೆಟ್ ಮಾಡೋದು ಅಂತ ಬರೀತಾರೆ, ಮೇಲ್ಪಂಕ್ತಿ ಹಾಕೋದು ಅನ್ನೋ ಅಷ್ಟು ಒಳ್ಳೇ ಮಾತು ಮನೇಲೇ ಇದ್ದಾಗ ಯಾಕೆ ಹಂಗೆ ಬರೀಬೇಕು.

ಇಲ್ಲಿ ಒಂದು ಎಚ್ಚರಿಕೆ, ಈ ಗುಂಪಿನಲ್ಲಿ ಏನನ್ನ ಅಂತ ಕೇಳಿದ್ರೆ ಉತ್ತರ ಬರ್ಲೇಬೇಕು. ಏನನ್ನ ಕೂರಿಸಿದ? ಮೂಳೆನ. ಏನನ್ನ ಇಟ್ಟ? ಅಲಾರಂನ. ಉತ್ತರ ಬರ್ಲಿಲ್ಲ ಅಂದ್ರೆ ನೀವು ಇರೋದು ಮುಂದಿನ ಹಂತದಲ್ಲಿ.

ಹಂತ 4: ತಾನಾಗೇ ಸೆಟ್ ಆಗೋವು

ಕೆಲವು ವಸ್ತುಗಳನ್ನ ಯಾರೂ ಸೆಟ್ ಮಾಡಲ್ಲ, ಅವೇ ಆಗ್ತವೆ. ಸೂರ್ಯ, ಮೊಸರು, ಸಿಮೆಂಟು, ಕಾಯಿ. ಕನ್ನಡದಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಕ್ರಿಯಾಪದ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ.

ಸೂರ್ಯ ಮುಳುಗ್ತಾನೆ, ಸನ್‌ಸೆಟ್. ಮಡಿಕೇರಿಯ ರಾಜಾಸೀಟ್‌ಗೆ ಸಂಜೆ ಜನ ಬರೋದೇ ಇದಕ್ಕೆ, ಹೆಚ್ಚಿಗೆ ಹೇಳಬೇಕಾಗಿಲ್ಲ. ಮೊಸರು ಹೆಪ್ಪುಗಟ್ಟುತ್ತೆ. ಈಗ ಮಣ್ಣಿನ ಕುಡಿಕೇಲಿ ಬರೋ ಮೊಸರಿನ ಮೇಲೆ ಸೆಟ್ ಕರ್ಡ್ ಅಂತ ಬರೆದಿರ್ತಾರೆ, ಅಂದ್ರೆ ಆ ಕುಡಿಕೇಲೇ ಹೆಪ್ಪು ಹಾಕಿದ್ದು, ಬೇರೆ ಪಾತ್ರೆಯಿಂದ ಕಲಸಿ ತುಂಬಿದ್ದಲ್ಲ ಅಂತ.

ಸಿಮೆಂಟ್ ವಿಷಯದಲ್ಲಿ ಮೇಸ್ತ್ರಿಗಳ ಬಾಯಲ್ಲಿ ಎರಡು ಮಾತಿದೆ, ಸೆಟ್ ಆಗೋದು ಬೇರೆ ಕ್ಯೂರಿಂಗ್ ಬೇರೆ. ಕಾಫಿ ಒಣಗಿಸೋ ಕಣಕ್ಕೆ ಕಾಂಕ್ರೀಟ್ ಹಾಕಿಸಿದವ್ರಿಗೆ ಇದು ಗೊತ್ತಿರುತ್ತೆ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಭಾರತೀಯ ಮಾನಕದ ಪ್ರಕಾರ ಮೊದಲ ಹಂತದ ಸೆಟ್ಟಿಂಗ್‌ಗೆ 30 ನಿಮಿಷಕ್ಕಿಂತ ಕಮ್ಮಿ ಹಿಡಿಯಬಾರ್ದು, ಕೊನೇ ಸೆಟ್ಟಿಂಗ್ 600 ನಿಮಿಷ ದಾಟಬಾರ್ದು. ಸೆಟ್ ಆಗೋದು ಅಂದ್ರೆ ಕಲಸಿದ್ದು ತನ್ನ ಆಕಾರ ಹಿಡ್ಕೊಳ್ಳೋದು ಅಷ್ಟೇ, ಬಲ ಬರೋದು ಆಮೇಲೆ ದಿನಗಟ್ಟಲೆ ನೀರು ಕೊಟ್ಟಾಗ. ಹಾಗಾಗಿ ಇಂಗ್ಲಿಷ್‌ನಲ್ಲಿ ದ ಕಾಂಕ್ರೀಟ್ ಹ್ಯಾಸ್ ಸೆಟ್ ಅಂತ ಓದಿ ಲಾರಿ ಹತ್ತಿಸ್ಬೇಡಿ.

ಇನ್ನು ಕಾಯಿ. ಫ್ರೂಟ್ ಸೆಟ್ ಅನ್ನೋ ಮಾತು ಕಾಫಿ ಕರಪತ್ರದಲ್ಲಿ ಪುಟಕ್ಕೊಂದ್ಸಲ ಬರುತ್ತೆ, ಹಣ್ಣಿನ ಜೋಡಿ ಅಂತ ಯಾರೋ ಅನುವಾದ ಮಾಡಿದ್ದನ್ನೂ ಓದಿದ್ದೀನಿ, ನಗು ತಡಿಯೋಕಾಗ್ಲಿಲ್ಲ. ನಮ್ಮಲ್ಲಿ ಅದಕ್ಕೆ ಇರೋ ಮಾತು ಕಾಯಿ ಕಚ್ಚೋದು. ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬರುತ್ತೆ, ಅಥವಾ ಮಳೆ ಕೈ ಕೊಟ್ರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕ್ತೀವಿ, ಎಷ್ಟು ಬಿತ್ತು ಅಂತ ಇಂಚು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಪಕ್ಕದ ತೋಟದವ್ರಿಗೆ ಫೋನ್ ಹೊಡೀತೀವಿ, ಆಮೇಲೆ ಒಂದು ವಾರ ಹತ್ತು ದಿನಕ್ಕೆ ಮೊಗ್ಗು ಒಡೆದು ತೋಟ ಪೂರ್ತಿ ಬೆಳ್ಳಗೆ. ಆ ಪರಿಮಳ ಗೊತ್ತಿಲ್ಲದ ಕೊಡಗಿನವ್ರು ಯಾರಿದ್ದಾರೆ. ಅರೇಬಿಕಾ ಹೂವಿಗೆ ತನ್ನದೇ ಪರಾಗ ಸಾಕು, ರೊಬಸ್ಟಾಗೆ ಹಂಗಾಗಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನುಹುಳದ ಕಾಲಲ್ಲೋ ಬರಬೇಕು. ಹೂ ಬಿಟ್ಟ ದಿನವೇ ಜೋರು ಮಳೆ ಬಿದ್ರೆ ಪರಾಗ ತೊಳೆದು ಹೋಗಿ ಕಾಯಿ ಸರಿಯಾಗಿ ಕಚ್ಚಲ್ಲ, ಇದನ್ನೇ ಪುವರ್ ಫ್ರೂಟ್ ಸೆಟ್ ಅಂತ ಬರೀತಾರೆ. ಹೂ ಒಣಗಿದ್ಮೇಲೆ ಹಿಮ್ಮಳೆ ಬರ್ಲಿಲ್ಲ ಅಂದ್ರೆ ಕಚ್ಚಿದ ಕಾಯಿನೂ ನಿಲ್ಲೋದು ಕಷ್ಟ. ಮೆಣಸಿನ ಬಳ್ಳೀಲಿ ಇದೇ ಸೆಟ್‌ಗೆ ನಾವು ಕಾಳು ಕಟ್ಟೋದು ಅಂತೀವಿ. ಒಂದು ಇಂಗ್ಲಿಷ್ ಪದ, ಕಾಫಿಗೆ ಕಚ್ಚೋದು, ಮೆಣಸಿಗೆ ಕಟ್ಟೋದು.

ಹಂತ 5: ಬಾಲ ನೋಡದೆ ಅರ್ಥ ಹೇಳಬೇಡಿ

ಇಲ್ಲೇ ಜಾಸ್ತಿ ಜನ ಎಡವೋದು. ಸೆಟ್ ಪಕ್ಕದಲ್ಲಿ ಔಟ್, ಆಫ್ (ಇದು off, ಗುಂಪಿನ of ಅಲ್ಲ), ಅಪ್, ಇನ್, ಬ್ಯಾಕ್, ಅಸೈಡ್ ಅಂತ ಪುಟಾಣಿ ಪದ ಬಂದು ಕೂತ್ರೆ ಅರ್ಥ ಪೂರ್ತಿ ಬದಲು. ಒಂದೊಂದಾಗಿ ನೋಡೋಣ, ಎಲ್ಲಾ ಅಲ್ಲ, ನಮಗೆ ಎದುರಾಗೋವು ಮಾತ್ರ.

ಸೆಟ್ ಇನ್: ಬಂದು ಬೀಡುಬಿಡೋದು, ಸಾಮಾನ್ಯವಾಗಿ ಬೇಗ ಹೋಗದೇ ಇರೋದು. ಮಳೆ, ಚಳಿ, ಕೊಳೆರೋಗ, ಬೇಜಾರು. ಮಾನ್ಸೂನ್ ಹ್ಯಾಸ್ ಸೆಟ್ ಇನ್ ಅಂದ್ರೆ ಒಂದು ಸಂಜೆ ಹನಿ ಬಿದ್ದಿದ್ದಲ್ಲ, ಮಳೆಗಾಲ ಹಿಡಿದಿದೆ ಅಂತ. ಹವಾಮಾನ ಇಲಾಖೆಯವ್ರು ಆನ್‌ಸೆಟ್ ಅನ್ನೋದು ಇದರ ಅಣ್ಣತಮ್ಮನೇ, ಕೇರಳಕ್ಕೆ ಮುಂಗಾರು ಕಾಲಿಡೋ ವಾಡಿಕೆಯ ದಿನ ಜೂನ್ 1. ಕಕ್ಕಡ ತಿಂಗಳಲ್ಲಿ ಭಾಗಮಂಡಲದ ಕಡೆ ಸುರಿಯೋದನ್ನ ನೋಡಿದವ್ರಿಗೆ ಸೆಟ್ ಇನ್ ಅಂದ್ರೇನು ಅಂತ ವಿವರಿಸಬೇಕಾಗಿಲ್ಲ.

ಸೆಟ್ ಔಟ್, ಸೆಟ್ ಆಫ್: ಎರಡಕ್ಕೂ ಹೊರಡೋದು ಅನ್ನೋ ಅರ್ಥ ಇದೆ. ಆದ್ರೆ ಆಫ್‌ಗೆ ಇನ್ನೂ ಬೇರೆ ಇದೆ. ತೋಟಕ್ಕೆ ಆನೆ ನುಗ್ಗಿದಾಗ ಪಟಾಕಿ ಹೊಡೆದು ಓಡಿಸ್ತಾರಲ್ಲ, ಆ ಹೊಡೆಯೋದು ಸೆಟ್ ಆಫ್. ಕಳ್ಳ ಕಿಟಕಿ ಮುಟ್ಟಿ ಅಲಾರಂ ಹೊಡ್ಕೊಂಡ್ರೆ ಅದೂ ಸೆಟ್ ಆಫ್, ಅಂದ್ರೆ ಅಲಾರಂ ಇಡೋದಕ್ಕೆ ಸೆಟ್, ಅದು ಕಿರುಚೋ ಹಾಗೆ ಮಾಡೋದಕ್ಕೆ ಸೆಟ್ ಆಫ್, ಹುಷಾರು. ಲೆಕ್ಕಪತ್ರದಲ್ಲಿ ಬಂದ್ರೆ ಒಂದು ಕಡೆ ಕೊಡಬೇಕಾದ್ದನ್ನ ಇನ್ನೊಂದು ಕಡೆ ಬರಬೇಕಾದ್ದರಲ್ಲಿ ವಜಾ ಮಾಡ್ಕೊಳ್ಳೋದು: ಕಾಫಿ ವ್ಯಾಪಾರಿ ಹತ್ರ ಮುಂಗಡ ತಗೊಂಡಿದ್ದೀರಿ, ಆಮೇಲೆ ಚೀಲ ಹಾಕಿದಾಗ ಅದನ್ನ ಮುರ್ಕೊಂಡು ಉಳಿದಿದ್ದು ಕೊಡ್ತಾನೆ, ಆ ಮುರ್ಕೊಳ್ಳೋದು ಸೆಟ್ ಆಫ್.

ಸೆಟ್ ಅಸೈಡ್: ಇದನ್ನ ಎರಡು ಸಲ ಓದಿ. ಮನೆಮಾತಲ್ಲಿ ಇದು ಎತ್ತಿಡೋದು, ಮಕ್ಕಳ ಫೀಸಿಗೆ ಅಂತ ಸ್ವಲ್ಪ ದುಡ್ಡು ಬದಿಗಿಡೋದು. ಕೋರ್ಟಿನ ಭಾಷೇಲಿ ಮಾತ್ರ ಇದರರ್ಥ ರದ್ದು. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ಆದೇಶನ ಸೆಟ್ ಅಸೈಡ್ ಮಾಡ್ತು ಅಂತ ಬಂದ್ರೆ, ಆದೇಶನ ಎತ್ತಿಟ್ಟಿದ್ದಾರೆ ಆಮೇಲೆ ನೋಡ್ತಾರೆ ಅಂತ ಸಮಾಧಾನ ಪಟ್ಕೋಬೇಡಿ, ಆ ಆದೇಶ ಬಿದ್ದುಹೋಯ್ತು. ಜಮ್ಮಾ ಬಾಣೆ ಅಂತ ಜಾಗದ ಕೇಸು ಇರೋ ಮನೆಗಳು ನಮ್ಮಲ್ಲಿ ಕಮ್ಮಿ ಏನಿಲ್ಲ, ಆರ್ಡರ್ ಕಾಪಿಲಿ ಈ ಎರಡು ಪದ ಕಂಡ್ರೆ ಕೆಳಗೆ ಗೆರೆ ಎಳೆದು ವಕೀಲ್ರ ಹತ್ರ ಕೇಳಿ. ತಾತ್ಕಾಲಿಕ ತಡೆಗೆ ಅಲ್ಲಿ ಸ್ಟೇ ಅಂತ ಬೇರೆ ಪದ ಇದೆ.

ಸೆಟ್‌ಬ್ಯಾಕ್: ಹೆಸರಾಗಿ ಬಂದ್ರೆ ಹಿನ್ನಡೆ. ಮನೆ ಕಟ್ಟೋ ಪ್ಲಾನಲ್ಲಿ ಬಂದ್ರೆ ರಸ್ತೆಯಿಂದ, ಪಕ್ಕದವ್ರ ಗಡಿಯಿಂದ ಬಿಡಬೇಕಾದ ಖಾಲಿ ಜಾಗ. ಗೆಸ್ಟ್ ಬಾಯಲ್ಲಿ ಹೌ ಮಚ್ ವಿಲ್ ಇಟ್ ಸೆಟ್ ಅಸ್ ಬ್ಯಾಕ್ ಅಂತ ಬಂದ್ರೆ ರೇಟ್ ಕೇಳ್ತಿದ್ದಾರೆ ಅಂತ ತಿಳ್ಕೊಳ್ಳಿ, ಜೇಬಿಗೆ ಎಷ್ಟು ಬೀಳುತ್ತೆ ಅಂತಾರಲ್ಲ ನಮ್ಮಲ್ಲಿ, ಹಂಗೆ.

ಸೆಟ್ ಅಪ್: ಹೋಂಸ್ಟೇ ಶುರು ಮಾಡೋದು, ಟೆಂಟ್ ಹಾಕೋದು, ಇಬ್ಬರನ್ನ ಪರಿಚಯ ಮಾಡಿಸೋದು, ಮತ್ತೆ ಒಬ್ಬನನ್ನ ಬೇಕಂತಲೇ ಸಿಕ್ಕಿಸೋದು. ಹಿ ವಾಸ್ ಸೆಟ್ ಅಪ್ ಅಂತ ಪೇಪರಲ್ಲಿ ಬಂದ್ರೆ ಪಾಪ ಅವನನ್ನ ಯಾರೋ ಸಿಕ್ಕಿಸಿದ್ದಾರೆ ಅಂತ.

ಸೆಟ್ ಡೌನ್: ಕೆಳಗಿಡೋದು, ಬರೆದಿಡೋದು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ದಿನ ಕೋವಿ ಕತ್ತಿ ಒರೆಸಿ ಪೂಜೆಗೆ ಇಡ್ತಾರಲ್ಲ, ಅದನ್ನ ಹೇಳೋಕೆ ಇದು ಸರಿ.

ಹಂತ 6: ಆಟದ ಸೆಟ್

ಕೊಡಗಲ್ಲಿ ಆಟ ಬಿಟ್ಟು ಯಾವ ಪಾಠನೂ ಮುಗಿಯಲ್ಲ. ಟೆನಿಸ್‌ನಲ್ಲಿ ಪಾಯಿಂಟ್ ಸೇರಿ ಗೇಮ್, ಗೇಮ್ ಸೇರಿ ಸೆಟ್, ಸೆಟ್ ಸೇರಿ ಮ್ಯಾಚ್. ನಮ್ಮ ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಸ್ಕೋರ್ 7-6, 7-5, ವಯಸ್ಸು 43. ಒಂದು ಸೆಟ್ಟೂ ಬಿಡದೆ ಗೆದ್ರೆ ಅದಕ್ಕೆ ಇನ್ ಸ್ಟ್ರೇಟ್ ಸೆಟ್ಸ್ ಅಂತಾರೆ. 2017ರ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಫೈನಲ್‌ನಲ್ಲಿ ಹಂಗಲ್ಲ, ಗೇಬ್ರಿಯೆಲಾ ಡಬ್ರೋಸ್ಕಿ ಜೊತೆ ಆಡಿದ ಅವ್ರು ಮೊದಲ ಸೆಟ್ 2-6ರಲ್ಲಿ ಸೋತು, ಎರಡನೇದು 6-2ರಲ್ಲಿ ಗೆದ್ದು, ಕೊನೇಲಿ ಟೈಬ್ರೇಕ್ 12-10. ಸೆಟ್ ಸೋಲೋದಕ್ಕೆ ಡ್ರಾಪ್ ಎ ಸೆಟ್ ಅಂತಾರೆ, ಲೂಸ್ ಅಂದ್ರೂ ತಪ್ಪಲ್ಲ.

ವಾಲಿಬಾಲ್‌ನಲ್ಲಿ 25 ಪಾಯಿಂಟ್‌ಗೆ ಒಂದು ಸೆಟ್, ಐದನೇದಕ್ಕೆ ಹೋದ್ರೆ 15. ಅಲ್ಲೇ ಸ್ಮ್ಯಾಶ್ ಹೊಡೆಯೋನಿಗೆ ಚೆಂಡು ಎತ್ತಿಕೊಡೋನು ಸೆಟ್ಟರ್, ಇದು ಗುಂಪಿನ ಸೆಟ್ ಅಲ್ಲ, ಚೆಂಡನ್ನ ಗಾಳೀಲಿ ಇಡೋ ಸೆಟ್, ಒಂದೇ ಆಟದಲ್ಲಿ ಎರಡು ಅರ್ಥ. ಬ್ಯಾಡ್ಮಿಂಟನ್‌ನಲ್ಲಿ ನಾವೆಲ್ಲ ಸೆಟ್ ಅಂತೀವಿ, ಆದ್ರೆ ನಿಯಮದ ಪುಸ್ತಕದಲ್ಲಿ ಅದು ಗೇಮ್, ಅಶ್ವಿನಿ ಪೊನ್ನಪ್ಪ ಆಡಿದ ಮ್ಯಾಚಿನ ಇಂಗ್ಲಿಷ್ ವರದಿ ತೆಗೆದು ನೋಡಿ, ಮೊದಲ ಗೇಮ್ ಎರಡನೇ ಗೇಮ್ ಅಂತಾನೇ ಇರುತ್ತೆ. ಹಾಕೀಲಿ ಸೆಟ್ ಅಂತ ಲೆಕ್ಕ ಇಲ್ಲ, ಕ್ವಾರ್ಟರ್ ಇದೆ, ಆದ್ರೆ ಪೆನಾಲ್ಟಿ ಕಾರ್ನರ್‌ಗೆ ಸೆಟ್ ಪೀಸ್ ಅಂತಾರೆ, ಯಾಕಂದ್ರೆ ಯಾರು ತಳ್ಳಬೇಕು, ಯಾರು ನಿಲ್ಲಿಸಬೇಕು, ಯಾರು ಹೊಡೀಬೇಕು ಅಂತ ಮೊದಲೇ ನಿಗದಿ ಆಗಿರುತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆತನದವ್ರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಗ್ಯಾಲರಿಲಿ ಕೂತು ಕಾಮೆಂಟರಿ ಕೇಳೋ ಅಜ್ಜಂದಿರಿಗೂ ಈ ಮಾತು ಬರುತ್ತೆ.

ಹಂತ 7: ಮೊದಲೇ ನಿಗದಿ ಆಗಿರೋದು

ಈ ನಿಗದಿ ಅನ್ನೋದೇ ಕೊನೇ ದೊಡ್ಡ ಅರ್ಥ, ಇಲ್ಲಿ ಸೆಟ್ ವಿಶೇಷಣ. ಸೆಟ್ ಮೆನು ಅಂದ್ರೆ ಇವತ್ತು ಅಡುಗೆಮನೇಲಿ ಆಗಿರೋದೇ ಊಟ, ಕಡುಂಬುಟ್ಟು ಪಂದಿಕರಿ ಇದ್ರೆ ಅದು, ನೂಪುಟ್ಟು ಕೋಳಿಸಾರು ಇದ್ರೆ ಅದು, ಬೇರೆ ಆರ್ಡರ್ ಇಲ್ಲ. ಹೋಂಸ್ಟೇಯವ್ರು ಇದನ್ನ ಬುಕಿಂಗ್ ಟೈಮಲ್ಲೇ ಬರೆದು ಕಳ್ಸಿದ್ರೆ ಅರ್ಧ ಜಗಳ ಕಮ್ಮಿ, ವೆಜ್‌ನವ್ರಿಗೆ ಬೇರೆ ಸೆಟ್ ಮೆನು ಅಂತ ಇನ್ನೊಂದು ಸಾಲು ಹಾಕಿ.

ಸೆಟ್ ಟೈಮ್ ಅಂದ್ರೆ ಗೊತ್ತುಪಡಿಸಿದ ಹೊತ್ತು. ಇದಕ್ಕೆ ನಮ್ಮ ಸುಗ್ಗಿ ಹಬ್ಬ ಪುತ್ತರಿಗಿಂತ ಒಳ್ಳೇ ಉದಾಹರಣೆ ಸಿಗಲ್ಲ: ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನೆರೆ ಕಟ್ಟೋಕೆ ಇಷ್ಟೊತ್ತು, ಕದಿರು ತೆಗೆಯೋಕೆ ಇಷ್ಟೊತ್ತು, ಊಟಕ್ಕೆ ಇಷ್ಟೊತ್ತು ಅಂತ ಮುಹೂರ್ತ ಇಡ್ತಾರೆ. ಅಲ್ಲಿ ಆಗೋದು ಸೆಟ್ ಅನ್ನೋ ಕ್ರಿಯೆ, ಆಮೇಲೆ ನಾವು ಪಾಲಿಸೋದು ಸೆಟ್ ಟೈಮ್.

ಮನುಷ್ಯರಿಗೆ ಹೇಳಿದ್ರೆ ಸ್ವಲ್ಪ ಬೈಗುಳ ಇರುತ್ತೆ. ಸೆಟ್ ಇನ್ ಹಿಸ್ ವೇಸ್ ಅಂದ್ರೆ ತನ್ನ ರೂಢಿ ಬಿಡದವನು, ನಮ್ಮಲ್ಲಿ ಹಠಮಾರಿ ಅಂತೀವಲ್ಲ ಅಷ್ಟು ಖಾರ ಇಲ್ಲ, ಆದ್ರೆ ಆ ದಿಕ್ಕಿನದೇ. ಆಲ್ ಸೆಟ್ ಅಂದ್ರೆ ಎಲ್ಲಾ ತಯಾರು. ಬಿಲ್ ಕೊಟ್ಟ ಗೆಸ್ಟ್‌ಗೆ ಯು ಆರ್ ಆಲ್ ಸೆಟ್ ಅಂದ್ರೆ ಇನ್ನೇನೂ ಬಾಕಿ ಇಲ್ಲ ಹೊರಡಬಹುದು ಅಂತ, ಅಮೆರಿಕದವ್ರು ಇದನ್ನ ಜಾಸ್ತಿ ಬಳಸ್ತಾರೆ.

ಹಂತ 8: ವ್ಯಾಕರಣದ ಎರಡೇ ಎರಡು ಮಾತು

ಸೆಟ್‌ಗೆ ಭೂತಕಾಲದಲ್ಲಿ ರೂಪ ಬದಲಾಗಲ್ಲ. ಇವತ್ತೂ ಸೆಟ್, ನಿನ್ನೆನೂ ಸೆಟ್, ಹ್ಯಾವ್ ಬಂದ್ರೂ ಸೆಟ್. ಸೆಟ್ಟೆಡ್ ಅಂತ ಪದ ಇಲ್ಲ. ಹಂಗಾದ್ರೆ ಹಿ ಸೆಟ್ ದ ಟೇಬಲ್ ಅಂದ್ರೆ ಯಾವಾಗ? ಹಿ ಇದ್ದೂ ಕೊನೇಲಿ ಸಕಾರ ಇಲ್ಲ ಅಂದ್ರೆ ಅದು ಆಗಿಹೋಗಿದ್ದು. ಐ, ವಿ, ದೇ ಇದ್ರೆ ವಾಕ್ಯದ ಉಳಿದ ಭಾಗ ನೋಡಿ ತಿಳ್ಕೋಬೇಕು. ಇನ್ನೊಂದು, ಬರೆಯುವಾಗ ಕ್ರಿಯೆಯಾದ್ರೆ ಸೆಟ್ ಅಪ್ ಬಿಡಿಸಿ, ಹೆಸರಾದ್ರೆ ಸೆಟಪ್ ಸೇರಿಸಿ, ಸೆಟ್‌ಬ್ಯಾಕ್‌ಗೂ ಇದೇ.

ಹಂತ 9: ಒಂದು ಮೆಸೇಜ್ ಇಟ್ಕೊಂಡು ಬಿಡಿಸೋಣ

ಬೆಂಗಳೂರಿಂದ ಒಂದು ಕುಟುಂಬ ಬರ್ತಿದೆ, ದಾರೀಲಿ ಹೀಗೆ ಮೆಸೇಜ್ ಹಾಕ್ತಾರೆ ಅಂದ್ಕೊಳ್ಳಿ: "ವಿ ಸೆಟ್ ಔಟ್ ಅಟ್ ಫೈವ್ ಬಟ್ ಬೈ ಕುಶಾಲನಗರ ದ ರೇನ್ ಹ್ಯಾಡ್ ಸೆಟ್ ಇನ್. ಮೈ ಫಾದರ್ ಹ್ಯಾಸ್ ಸೆಟ್ ಹಿಸ್ ಹಾರ್ಟ್ ಆನ್ ದ ಸನ್‌ಸೆಟ್ ಅಟ್ ರಾಜಾಸೀಟ್. ಪ್ಲೀಸ್ ಸೆಟ್ ಅಸೈಡ್ ಎ ಸೆಟ್ ಆಫ್ ಟವೆಲ್ಸ್. ಈಸ್ ದೇರ್ ಎ ಸೆಟ್ ಟೈಮ್ ಫಾರ್ ಡಿನ್ನರ್?"

ಏಳು ಸೆಟ್ ಇದೆ, ಎಣಿಸಿ. ಮುಂದೆ ಓದೋ ಮೊದಲು ನೋಟ್‌ಬುಕ್ಕಲ್ಲಿ ನಿಮ್ಮ ಉತ್ತರ ಬರ್ಕೊಳ್ಳಿ.

ಮೊದಲನೇದು ಬಾಲ ಇರೋದು, ಹೊರಟ್ವಿ. ಎರಡನೇದೂ ಬಾಲ ಇರೋದು, ಮಳೆ ಹಿಡ್ಕೊಂಡಿತ್ತು, ಹ್ಯಾಡ್ ಇರೋದ್ರಿಂದ ಇವ್ರು ಕುಶಾಲನಗರ ಮುಟ್ಟೋ ಮೊದಲೇ ಹಿಡಿದಿತ್ತು. ಮೂರನೇದಕ್ಕೆ ಏನನ್ನ ಅಂತ ಕೇಳಿದ್ರೆ ಮನಸ್ಸನ್ನ ಅಂತ ಉತ್ತರ ಬಂತು, ಹಾಗಾಗಿ ಇಡು: ಅಪ್ಪ ಅದರ ಮೇಲೆ ಮನಸ್ಸಿಟ್ಟಿದ್ದಾರೆ, ಆಸೆ ಇಟ್ಕೊಂಡು ಕೂತಿದ್ದಾರೆ. ನಾಲ್ಕು, ಸೂರ್ಯ ಮುಳುಗೋದು. ಐದು, ಕೋರ್ಟಿಲ್ಲ ಕಚೇರಿಯಿಲ್ಲ, ಮನೆಮಾತು, ಹಾಗಾಗಿ ಎತ್ತಿಡಿ. ಆರು, ಎ ಮತ್ತು ಆಫ್ ನಡುವೆ ಕೂತಿದೆ, ಗುಂಪು. ಏಳು, ಗೊತ್ತಾದ ಹೊತ್ತು, ಊಟ ಇಷ್ಟೇ ಗಂಟೆಗೆ ಅಂತ ನಿಗದಿ ಇದೆಯಾ ಅಂತ ಕೇಳ್ತಿದ್ದಾರೆ.

ಇದರಲ್ಲಿ ಐದು ಸರಿ ಬಂದ್ರೂ ನಿಮ್ಮ ಕೆಲಸ ನಡೆಯುತ್ತೆ. ತಪ್ಪಿದ್ದು ಎರಡನೇದೋ ಐದನೇದೋ ಆಗಿದ್ರೆ ಹಂತ 5ಕ್ಕೆ ವಾಪಸ್ ಹೋಗಿ. ಮೂರನೇದು ತಪ್ಪಿದ್ರೆ ಹಂತ 3. ಆಮೇಲೆ ನಿಮಗೇ ಬಂದಿರೋ ಹಳೇ ಮೆಸೇಜುಗಳಲ್ಲಿ ಸೆಟ್ ಅಂತ ಹುಡುಕಿ, ಸಿಕ್ಕಿದ್ದನ್ನೆಲ್ಲ ಗುಂಪು, ಕೂರಿಸು, ತಾನಾಗೇ, ಬಾಲ, ನಿಗದಿ ಅಂತ ಐದು ಪುಟದಲ್ಲಿ ಹಂಚಿ ಬರೀರಿ, ಯಾವ ಪುಟಕ್ಕೂ ಸೇರದೇ ಇರೋದನ್ನ ಮಾತ್ರ ಡಿಕ್ಷನರಿಲಿ ನೋಡಿ. ಡಿಕ್ಷನರಿ ತೆಗೆದಾಗ ಮೊದಲ ಅರ್ಥ ಓದಿ ಮುಚ್ಚಬೇಡಿ, ಕೆಳಗೆ ಕೊಟ್ಟಿರೋ ಉದಾಹರಣೆ ವಾಕ್ಯಗಳಲ್ಲಿ ನಿಮ್ಮ ವಾಕ್ಯಕ್ಕೆ ಹತ್ತಿರ ಇರೋದು ಯಾವುದು ಅಂತ ಹುಡುಕಿ, ಅದರ ಮೇಲಿರೋ ಅರ್ಥವೇ ನಿಮ್ಮದು. ಪಿಯುಸಿ ಹುಡುಗ್ರು ಇದಾದ್ಮೇಲೆ ಇದೇ ರೀತಿ ರನ್ ಹಿಡ್ಕೊಳ್ಳಿ, ಅಲ್ಲಿ ಮೊದಲು ಹಾಕಿ ನೋಡಬೇಕಾದ್ದು ಓಡು ಮತ್ತು ಓಡಿಸು, ಬಸ್ ಓಡಿಸೋದು, ಮೋಟರ್ ಓಡಿಸೋದು, ಅಂಗಡಿ ನಡೆಸೋದು ಅಲ್ಲಿಂದ ಶುರು.